ಅಕ್ಕನ ಕಾರಿಗೆ ನಾನು ಹಾಕಿದ ಕೆಂಪು ಎಣ್ಣೆ

ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನಿಗೆ ಅದು ಇರಬೇಕಾದದ್ದೇ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ತೆಗೆದು, ಅದರಲ್ಲೊಂದನ್ನು ಮುರಿದು ಅಂಗೈಗೆ ತಿಕ್ಕಿದರೆ ಸಾಕು, ಅದರ ಜಾತಕವೆಲ್ಲ ನನಗೆ ಗೊತ್ತಾಗುತ್ತದೆ. ನಮ್ಮ ಪೇಟೆಯಲ್ಲಿ ಖಾರವನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಬಣ್ಣ ಕೇಳುತ್ತಾರೆ. ಕೆಂಪು ಗಾಢವಾದಷ್ಟೂ ಮಾಲು ಮೇಲು. ಮೂವತ್ತು ವರ್ಷದಿಂದ ಇದೊಂದನ್ನೇ ನಂಬಿಕೊಂಡು ಬಂದ ನನಗೆ ಈಗ ಟೊಮೆಟೊ ಆರಿಸಲಿ, ಹೆಂಡತಿಗೆ ಸೀರೆ ಆರಿಸಲಿ, ಕೈ ತಾನಾಗಿಯೇ ಕೆಂಪಿನ ಕಡೆ ಹೋಗುತ್ತದೆ. ಅದೇ ಕೈ, ಅದೇ ಕಣ್ಣು ಸೇರಿ ನನ್ನ ಅಕ್ಕನ ಕಾರಿಗೆ ಕುತ್ತು ತಂದ ಸಂಗತಿ ಇದು.

ಅಕ್ಕ ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಪುರುಸೊತ್ತ ಸಿಗಲಿಲ್ಲ" ಎಂದು ಹೇಳಿ ಮಾತು ಮುಗಿಸುತ್ತಾಳೆ. ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿತು. ಆಗ ಅವಳು ಮಾಡಿದ ಮೊದಲ ಕೆಲಸ ಎಂದರೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ ಸ್ಪೋರ್ಟ್ಸ್ ಕಾರನ್ನು ಕೊಂಡದ್ದು. ಎರಡೇ ಸೀಟು. ಗುಂಡಿ ಒತ್ತಿದರೆ ಮೇಲಿನ ಚಾವಣಿ ಮಡಚಿಕೊಂಡು ಹಿಂದೆ ಹೋಗಿ ಕೂರುತ್ತದೆ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಗೇಣು ಜಾಗವೂ ಇಲ್ಲ. ನನಗಿದ್ದ ಒಂದೇ ಬೇಸರವೆಂದರೆ ಅದರ ಬಣ್ಣ ಬೂದಿಯದು.

"ಈ ವಯಸ್ಸಿನಾಗ ಇದೇನ ಹುಚ್ಚು ಅಕ್ಕಾ?" ಎಂದು ನಾನೇ ಕೇಳಿದ್ದೆ.

"ಇಷ್ಟ ವರ್ಷ ಬೋರ್ಡ್ ಮ್ಯಾಲ ಇಂಜಿನ್ ಚಿತ್ರ ತಗದು ತಗದು ಅಳಿಸೀನಿ. ಒಂದರೆ ಖರೇ ಇಂಜಿನ್ ನಂದು ಅಂತ ಇರ್ಲಿ" ಎಂದಳು. ಅಲ್ಲಿಗೆ ನಾನು ಆ ಬೂದಿ ಬಣ್ಣವನ್ನೂ ಕ್ಷಮಿಸಿಬಿಟ್ಟೆ.

ಅಣ್ಣನಿಗೆ ಮಾತ್ರ ಅದು ಸುತಾರಾಂ ಸೇರಲಿಲ್ಲ. ಅಣ್ಣ ನಮ್ಮಿಬ್ಬರಿಗಿಂತ ದೊಡ್ಡವನು, ಮೋಟೆಬೆನ್ನೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಅಕ್ಕ ಕಾರನ್ನು ತೋರಿಸಲು ಹೋದಾಗ ಅವನು ಎತ್ತು ಕೊಳ್ಳುವವನ ಹಾಗೆ ಅದರ ಸುತ್ತ ಎರಡು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿದ.

"ಇಬ್ಬರ ಕೂಡೂದು ಒಂದು ಗಾಡಿ ಏನವಾ? ಮನಿ ಮಂದಿ ಹನ್ನೊಂದು. ಉಳದ ಒಂಬತ್ತ ಮಂದಿ ಹಿಂದ ಓಡಿ ಬರಬೇಕೇನು? ನಾಳೆ ಎಲ್ಲೆರೆ ಹಾದ್ಯಾಗ ಕೈಕೊಟ್ಟು ನಿಂತ್ರ ನಮ್ಮ ಊರಾಗ ಇದನ್ನ ಮುಟ್ಟಾವರು ಯಾರದಾರ?"

ಅಕ್ಕನಿಗೆ ಸಿಟ್ಟು ಬಂದಿತು. ಅವಳ ಸಿಟ್ಟಿಗೆ ಸದ್ದಿರುವುದಿಲ್ಲ, ಶಬ್ದಗಳು ಮಾತ್ರ ಬಿಡಿಬಿಡಿಯಾಗಿ ಬರುತ್ತವೆ. "ಒಂದ ಸಲ. ಒಂದ ಸಲ ಇದು ಕೆಟ್ಟು ನಿಂತ್ರ, ನಾನ ಮಾರತೇನಿ. ಆತಿಲ್ಲ?" ಎಂದಳು. ಅಣ್ಣ "ಆತು" ಎಂದ. ಅಕ್ಕ ಮಾತು ಕೊಟ್ಟರೆ ಅದನ್ನು ತಿರುಗಿಸುವವಳಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಶ್ರಾವಣದ ಕೊನೆಯ ಶನಿವಾರ ನಮ್ಮ ಮನೆಯವರೆಲ್ಲ ಕದರಮಂಡಲಗಿಯ ಆಂಜನೇಯನಿಗೆ ಹೋಗುವುದು ರೂಢಿ. ಆ ಸಲ ಅಕ್ಕ ತನ್ನ ಕಾರಿನಲ್ಲೇ ಬರುವುದೆಂದು ಗೊತ್ತಾಯಿತು. ಅದಕ್ಕೆ ಒಂದು ವಾರ ಮೊದಲು ಅವಳ ಕಾರಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತಂತೆ. ಇಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾಗಿದೆ, ಒಂದು ಲೀಟರ್ ಸೇರಿಸಬೇಕು ಎಂದು ಅದರ ಅರ್ಥ. ನಾನು ಕೆಲಸದ ಮೇಲೆ ಹಾವೇರಿಗೆ ಹೊರಟಿದ್ದೆ. ಅಕ್ಕ ಒಂದು ಚೀಟಿ ಬರೆದು ಕಳಿಸಿದಳು. ಅದರಲ್ಲಿ ಸೊನ್ನೆ, ಡಬ್ಲ್ಯೂ, ನಲವತ್ತು ಎಂದಿತ್ತು. ಕೆಳಗೆ ಕಾರು ಮಾಡಿದ ಕಂಪನಿ ಒಪ್ಪಿದ ಎಣ್ಣೆಯ ಗುರುತಿನ ನಂಬರು, ಅದರಡಿ ಎರಡು ಗೆರೆ. ಪರೀಕ್ಷೆಯ ಪೇಪರಿನಲ್ಲಿ ಗೆರೆ ಎಳೆದ ಹಾಗೆಯೇ.

ಹಾವೇರಿಯ ಅಂಗಡಿಯವರು ಚೀಟಿ ನೋಡಿ ತಲೆಯಾಡಿಸಿದರು. "ಇದು ನಮ್ಮಲ್ಲಿ ಸಿಗೂದಿಲ್ರಿ. ಹುಬ್ಬಳ್ಳಿಯಿಂದ ತರಸಬೇಕು, ಎರಡ ದಿನಾ ಆಕ್ಕೈತಿ."

ಅಲ್ಲಿಗೆ ನಾನು ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪೇಟೆಯ ಮನುಷ್ಯ ಬರಿಗೈಯಲ್ಲಿ ಬರುತ್ತಾನೆಯೇ? "ಇದ್ದದ್ದರಾಗ ಛಲೋದು ತೋರಸ್ರಿ. ಬಣ್ಣ ನೋಡತೇನಿ" ಎಂದೆ. ಅವರಿಗೆ ನಗು ಬಂದಿರಬೇಕು, ತೋರಿಸಿಕೊಳ್ಳಲಿಲ್ಲ. ಬಿಡಿಯಾಗಿ ಮಾರಲು ಒಡೆದಿಟ್ಟಿದ್ದ ನಾಲ್ಕಾರು ಡಬ್ಬಿಗಳಿಂದ ಒಂದೊಂದು ಹನಿಯನ್ನು ಬಿಳಿಯ ಮುಚ್ಚಳಗಳಿಗೆ ಸುರಿದು ಸಾಲಾಗಿ ಇಟ್ಟರು. ಮೂರು ಹಳದಿ, ಒಂದು ಕಂದು. ಕೊನೆಯದು ಕೆಂಪು. ಎಂಥ ಕೆಂಪು! ಡಬ್ಬಿ ಎನ್ನುವ ನಮ್ಮ ಕಡೆಯ ಗುಂಡು ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ನೆನೆಸಿಟ್ಟರೆ ಬಿಡುತ್ತದಲ್ಲ, ಅಂಥದ್ದು. ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದೆ. ಮೂಸಿದೆ. ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು.

"ಅದು ಆಟೋಮ್ಯಾಟಿಕ್ ಗಾಡಿಗೆ ಹಾಕೂದ್ರಿ" ಎಂದರು ಅಂಗಡಿಯವರು.

"ನಮ್ಮ ಅಕ್ಕನ ಗಾಡೀನೂ ಆಟೋಮ್ಯಾಟಿಕ್ಕ ಐತ್ರಿ. ಕಟ್ರಿ" ಎಂದೆ.

ಅವರ ತಪ್ಪೇನೂ ಇಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲಿ ಎಲ್ಲಿ ಹಾಕುವುದು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಬುಧವಾರ ಅಕ್ಕ ಊಟಕ್ಕೆ ಬ್ಯಾಡಗಿಗೆ ಬಂದಳು. ಕಾರನ್ನು ನಮ್ಮ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿ, "ಎಣ್ಣಿ ತಂದೀ ಏನು?" ಎಂದು ಕೇಳಿದಳು. "ತಂದೇನಿ, ನೀ ಮೊದಲ ಊಟಾ ಮಾಡ" ಎಂದು ಒಳಗೆ ಕಳಿಸಿದೆ. ಅವಳು ನನ್ನ ಹೆಂಡತಿಯ ಜೊತೆ ಮಾತಿಗೆ ಕೂತದ್ದೇ ತಡ, ನಾನು ಅಂಗಳಕ್ಕೆ ಬಂದು ಬಾನೆಟ್ ಎತ್ತಿದೆ. ಅವಳು ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿಸಿ ಶಾಭಾಸ್ ಅನ್ನಿಸಿಕೊಳ್ಳಬೇಕು ಎಂಬ ಆಸೆ. ಇಂಜಿನ್ನಿನ ಮೇಲೆ ಎಣ್ಣೆ ಹಾಕುವ ಮುಚ್ಚಳ ಒಂದೇ ಇತ್ತು. ತಿರುವಿ, ಇಡೀ ಲೀಟರ್ ಸುರಿದೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಕ್ಕ ಊಟ ಮುಗಿಸಿ ಬಂದು ಕೀಲಿ ಕೈಗೆ ತೆಗೆದುಕೊಂಡಳು. "ಹಾಕೇ ಬಿಟ್ಟೇನಿ ನೋಡ. ಎಂಥಾ ಮಾಲ ಅಂತೀ, ಕೆಂಡದಂಗ ಕೆಂಪಗೈತಿ" ಎಂದೆ.

ಅವಳ ಕೈ ಕಾರಿನ ಬಾಗಿಲ ಮೇಲೆ ಹಾಗೇ ನಿಂತಿತು.

"ಕೆಂಪಗ?"

ಡಬ್ಬಿ ತಂದುಕೊಟ್ಟೆ. ಕನ್ನಡಕ ಏರಿಸಿ ಅವಳು ಅದನ್ನು ಮೇಲಿಂದ ಕೆಳಗಿನತನಕ ಓದಿದಳು. ಆಮೇಲೆ ನನ್ನನ್ನು ನೋಡಿದಳು. ಇಷ್ಟು ವರ್ಷ ಅವಳ ಕ್ಲಾಸಿನಲ್ಲಿ ಕೂತ ಹುಡುಗಿಯರ ಬಗ್ಗೆ ನನಗೆ ಮೊದಲ ಸಲ ಕನಿಕರ ಹುಟ್ಟಿತು.

"ತಮ್ಮಾ, ಇದು ಗೇರ್ ಬಾಕ್ಸಿಗೆ ಹಾಕೂ ಎಣ್ಣಿ. ಇಂಜಿನ್ನಿಗಲ್ಲ. ನಾ ಚೀಟಿ ಯಾಕ ಬರದಿದ್ದೆ?"

"ಬಣ್ಣ ಛಲೋ ಇತ್ತಕ್ಕಾ..."

"ಎಣ್ಣಿಗೆ ಆ ಬಣ್ಣಾ ಅವರು ಬೇಕಂತ ಹಾಕಿರ್ತಾರ. ಅದು ಇಂಜಿನ್ನಿಂದಲ್ಲ ಅಂತ ಮಂದಿಗೆ ಗೊತ್ತಾಗ್ಲಿ ಅಂತ."

ಅಂದರೆ ಹಾಕಬೇಡ ಎಂದು ಹೇಳುವುದಕ್ಕೆ ಬಳಿದ ಬಣ್ಣವನ್ನೇ ನೋಡಿ ನಾನು ಹಾಕಿದ್ದೆ. ಪುಣ್ಯಕ್ಕೆ ಅವಳು ಇನ್ನೂ ಗಾಡಿ ಚಾಲೂ ಮಾಡಿರಲಿಲ್ಲ. ಒಳಗಿದ್ದುದನ್ನೆಲ್ಲ ಇಳಿಸಿ ಹೊಸದು ತುಂಬುವವರೆಗೆ ಚಾಲೂ ಮಾಡುವ ಹಾಗೂ ಇರಲಿಲ್ಲ. ರಾಣೆಬೆನ್ನೂರಿಗೆ ಎಳೆದುಕೊಂಡು ಹೋಗೋಣವೆಂದರೆ ದಾರಿಯಲ್ಲೇ ಮೋಟೆಬೆನ್ನೂರು, ಅಲ್ಲಿ ಅಣ್ಣ. ಅಕ್ಕ ಡಬ್ಬಿಯ ಮುಚ್ಚಳ ತಿರುವಿ ಮುಚ್ಚಿ ಅದನ್ನು ನನ್ನ ಕೈಗೇ ವಾಪಸು ಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಒಂದ ಮಾತು" ಎಂದು ಕೊನೆಗೆ ನಾನೇ ಬಾಯಿ ತೆಗೆದೆ. "ಬಣ್ಣ ನೋಡಿ ಹಾಕಿದೆ ಅಂತ ಯಾರ ಮುಂದೂ ಹೇಳಬ್ಯಾಡ. ಪೇಟ್ಯಾಗ ನನ್ನ ಕಣ್ಣ ಮ್ಯಾಲ ವ್ಯಾಪಾರ ನಡದೈತಿ."

"ಹೇಳೂದಿಲ್ಲ ಹೋಗ" ಎಂದಳು.

ಫೋನ್ ಮಾಡಿದ ಮೇಲೆ ರಾಣೆಬೆನ್ನೂರಿನಿಂದ ಗಾಡಿ ರಿಪೇರಿಯ ಮೇಸ್ತ್ರಿ ಬಂದರು. ಲಾರಿ, ಟ್ರ್ಯಾಕ್ಟರುಗಳ ನಡುವೆಯೇ ತಲೆ ಬೆಳ್ಳಗಾದ ಮುಸ್ಲಿಂ ಹಿರಿಯರು. ಅವರ ಇಬ್ಬರು ಹೆಣ್ಣುಮಕ್ಕಳೂ ಅಕ್ಕನ ಕೈಯಲ್ಲಿ ಕಲಿತವರು, ಹಾಗಾಗಿ ಅಕ್ಕ ಅವರಿಗೆ ಬಾಯಾರು, ಅಂದರೆ ಟೀಚರು. ಡಬ್ಬಿಯ ತಳದಲ್ಲಿ ಉಳಿದಿದ್ದ ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, "ಯಾ ಅಲ್ಲಾ! ಸಾವಕಾರ್ರ, ಇದನ್ನ ಹಾಕ್ಕೊಂಡು ಹೈವೇದಾಗ ಹೊಡದಿದ್ರ ಟರ್ಬೊ ಕತೀ ಖಲಾಸ್ ಆಗತಿತ್ರಿ" ಎಂದರು.

ಕಾರಿನ ಕೆಳಗೆ ನುಸುಳಲು ಜಾಗವೇ ಇರಲಿಲ್ಲ. ಲಾರಿಗೆ ಚೀಲ ಏರಿಸುವ ದಪ್ಪ ಹಲಗೆಗಳು ಗೋದಾಮಿನಲ್ಲಿದ್ದವು. ಅವನ್ನು ಇಟ್ಟಿಗೆಯ ಮೇಲೆ ಇಳಿಜಾರಾಗಿ ಜೋಡಿಸಿದೆವು. ಅಕ್ಕ ಇಂಜಿನ್ ಚಾಲೂ ಮಾಡದೆ ಗೇರನ್ನು ನ್ಯೂಟ್ರಲ್ಲಿಗೆ ತಂದು ಸ್ಟೇರಿಂಗ್ ಹಿಡಿದು ಕೂತಳು. ನಾಲ್ಕು ಜನ ಹಮಾಲರು ಹಿಂದಿನಿಂದ ನೂಕಿದರು. ಶ್ರಾವಣವಾದ್ದರಿಂದ ಗೋದಾಮು ಹೆಚ್ಚುಕಡಿಮೆ ಖಾಲಿ. ಆದರೂ ಹೋದ ಸುಗ್ಗಿಯ ಘಾಟು ಗೋಡೆಯಲ್ಲಿ ಕೂತಿತ್ತು. ಮೇಸ್ತ್ರಿ ಕಾರಿನಡಿ ಮಲಗಿ ಹದಿನೈದು ಸಲವಾದರೂ ಸೀನಿದ್ದಾರು. ಪ್ರತಿ ಸಲವೂ ಹಮಾಲರು ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಎಣ್ಣೆ ಇಳಿಯಿತು. ಮೇಸ್ತ್ರಿ ಎದ್ದು ಬಂದು ಚೀಲದಿಂದ ತಾವು ತಂದಿದ್ದ ಡಬ್ಬಿಗಳನ್ನು ತೆಗೆದರು. "ಇದು ಇಪ್ಪತ್ತು ಐವತ್ತು. ಜೇನತುಪ್ಪದಂಗ ದಪ್ಪ ಐತ್ರಿ. ನಮ್ಮ ಬಿಸಿಲಿಗೆ ಇದ ಬೇಕು. ನಲವತ್ತ ವರ್ಷ ಇದನ್ನ ಹಾಕೇನಿ, ಒಂದ ಲಾರಿ ಸಹಿತ ಹೊಳ್ಳಿ ಬಂದಿಲ್ಲ."

ಅಕ್ಕ ಚೀಟಿ ತೋರಿಸಿದಳು. ಮೇಸ್ತ್ರಿ ಅದನ್ನು ದೂರ ಹಿಡಿದು ನೋಡಿದರು. "ಸೊನ್ನಿ ಡಬ್ಲ್ಯೂ? ಸೊನ್ನಿ ಅಂದ್ರ ಏನೂ ಇಲ್ಲ ಅಂದಂಗಾತಲ್ರಿ ಬಾಯಾರ? ನೀರ ಹಾಕಿದಂಗ ಅದು."

ಆಗ ಅಕ್ಕ ಪಾಠ ಶುರು ಮಾಡಿದಳು. ನನ್ನ ಹೆಂಡತಿ ಉಂಡಿ ಕಟ್ಟಲು ಬೆಲ್ಲದ ಪಾಕ ಇಳಿಸಿಟ್ಟಿದ್ದಳು, ಅದು ಆರಿ ಗಟ್ಟಿಯಾಗುತ್ತಿತ್ತು. ಅಕ್ಕ ಒಂದು ಪರಾತವನ್ನು, ಹಿಟ್ಟು ನಾದುವ ಅಗಲ ತಟ್ಟೆಯನ್ನು, ಓರೆಯಾಗಿ ನಿಲ್ಲಿಸಿ, ಅದರ ನೆತ್ತಿಯಲ್ಲಿ ಒಂದು ಕಡೆ ಒಂದು ಚಮಚ ಪಾಕ, ಇನ್ನೊಂದು ಕಡೆ ಒಂದು ಚಮಚ ಕುಸುಬಿ ಎಣ್ಣೆ ಬಿಟ್ಟಳು. ಕುಸುಬಿ ಎಣ್ಣೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತಳ ಮುಟ್ಟಿತು. ಪಾಕ ಅರ್ಧ ದಾರಿಯಲ್ಲೇ ಕೂತುಬಿಟ್ಟಿತು.

"ಮುಂಜಾನೆ ಗಾಡಿ ಚಾಲೂ ಮಾಡಿದಾಗ ಇಂಜಿನ್ ಥಣ್ಣಗಿರತೈತಿ. ಎಣ್ಣಿ ತಳದಾಗ ಇರತೈತಿ. ಅದು ಲಗೂನ ಮ್ಯಾಲ ಓಡಿ ಎಲ್ಲಾ ಸಂದಿಗೂ ಮುಟ್ಟಬೇಕು. ಮೊದಲನೇ ನಂಬರು ಅದನ್ನ ಹೇಳತೈತ್ರಿ, ಸಣ್ಣದಿದ್ದಷ್ಟೂ ಲಗೂ. ಕಾದ ಮ್ಯಾಲ ಎಷ್ಟು ದಪ್ಪ ಉಳೀತೈತಿ ಅನ್ನೋದನ್ನ ಎರಡನೇ ನಂಬರು ಹೇಳತೈತಿ. ನಿಮ್ಮ ಲಾರಿ ಇಂಜಿನ್ನಿನಾಗ ಸಂದಿ ದೊಡ್ಡವು, ದಪ್ಪ ಎಣ್ಣಿ ನಡೀತೈತಿ. ಇದರಾಗ ಕೂದಲೆಳಿಯಷ್ಟು ಸಂದಿ. ಇಂಜಿನ್ನಿಗೆ ಗಾಳಿ ತುಂಬೂ ಟರ್ಬೊ ಅಂತೂ ಬುಗುರಿಗಿಂತ ನೂರಪಟ್ಟು ಜೋರ ತಿರಗತೈತಿ, ಅದಕ್ಕ ಎಣ್ಣಿ ಬರೂದು ಒಂದೀಟ ತಡಾ ಆದ್ರೂ ಸವದು ಹೋಗತೈತಿ."

ಮೇಸ್ತ್ರಿ ಪರಾತದ ಮುಂದೆ ಕುಕ್ಕುರುಗಾಲಲ್ಲಿ ಕೂತು ಪಾಕವನ್ನೇ ನೋಡುತ್ತಿದ್ದರು. ಅದು ಇನ್ನೂ ಕೆಳಗೆ ಬಂದಿರಲಿಲ್ಲ. ಕೊನೆಗೆ ಬೆರಳಿನಿಂದ ಅದನ್ನು ತೆಗೆದು ಬಾಯಿಗಿಟ್ಟುಕೊಂಡರು. "ನಲವತ್ತ ವರ್ಷ ಬೆರಳಿನಾಗ ತಿಕ್ಕಿ ಎಣ್ಣಿ ನೋಡೇನ್ರಿ ಬಾಯಾರ. ಈ ಸೊನ್ನಿ ಬೆರಳಿಗೆ ಸಿಗೂದಿಲ್ಲ ನೋಡ್ರಿ. ಓದಬೇಕು. ತರಸ್ರಿ ನಿಮ್ಮ ಎಣ್ಣಿ" ಎಂದರು. ನನಗೆ ಆ ಮನುಷ್ಯರ ಮೇಲೆ ತುಂಬ ಗೌರವ ಬಂದಿತು. ಅಷ್ಟು ಹೊತ್ತಿಗೆ ಅಂಥ ಮಾತು ನನ್ನ ಬಾಯಿಂದ ಬರಬೇಕಿತ್ತು, ಬಂದಿರಲಿಲ್ಲ.

ಹುಬ್ಬಳ್ಳಿಯಿಂದ ಎಣ್ಣೆ ಶುಕ್ರವಾರ ಮಧ್ಯಾಹ್ನ ಬಸ್ಸಿನ ಪಾರ್ಸಲಿನಲ್ಲಿ ಬಂತು. ಜೊತೆಗೆ ಹೊಸ ಫಿಲ್ಟರು. ಮೇಸ್ತ್ರಿ ಮತ್ತೆ ಬಂದು ಡಬ್ಬಿ ಓದಿದರು, ಚೀಟಿ ಓದಿದರು, ಕಾರಿನ ಪುಸ್ತಕದಲ್ಲಿ ಅಕ್ಕ ಬೆರಳಿಟ್ಟ ಸಾಲು ಓದಿದರು, ಆಮೇಲೆ ಮತ್ತೆ ಡಬ್ಬಿ ಓದಿದರು. ನಾನು ಬಗ್ಗಿ ಬಣ್ಣ ನೋಡಿದೆ. ಚಟ ಬಿಡಬೇಕಲ್ಲ. ಹಾಲಿಲ್ಲದ ಚಹಾ ಇನ್ನಷ್ಟು ತಿಳಿಯಾದ ಹಾಗೆ ಇತ್ತು. ನಮ್ಮ ಪೇಟೆಗೆ ಆ ಬಣ್ಣದ ಮಾಲು ಬಂದರೆ ಯಾರೂ ಚೀಲದೊಳಗೆ ಕೈ ಕೂಡ ಹಾಕುವುದಿಲ್ಲ. ಅಕ್ಕ ಗುಂಡಿ ಒತ್ತಿದಳು. ಇಂಜಿನ್ ಒಮ್ಮೆ ಗುರ್ ಎಂದು, ತಕ್ಷಣ ನಯವಾಯಿತು. ದೀಪ ಆರಿತು. ಹಮಾಲರು ಚಪ್ಪಾಳೆ ತಟ್ಟಿದರು. ಅಕ್ಕನ ಮುಖ ಮೊದಲ ಬಹುಮಾನ ಬಂದ ಹುಡುಗಿಯ ಮುಖದ ಹಾಗಿತ್ತು.

ಬ್ಯಾಡಗಿಯಲ್ಲಿ ಗುಟ್ಟು ಎನ್ನುವುದು ಇರುವುದಿಲ್ಲ. ನಾಲ್ಕು ಜನ ಹಮಾಲರು ಕಂಡದ್ದು ನಾಲ್ಕು ಓಣಿಗೆ ಗೊತ್ತಾಗಿ, ನಮಗಿಂತ ಮೊದಲೇ ಮೋಟೆಬೆನ್ನೂರು ಮುಟ್ಟಿತ್ತು.

ಶನಿವಾರ ಕದರಮಂಡಲಗಿಯಲ್ಲಿ ದರ್ಶನ ಮುಗಿಸಿ ಎಲ್ಲರೂ ಗುಡಿಯ ಅಂಗಳದಲ್ಲಿ ಪ್ರಸಾದ ಹಿಡಿದು ನಿಂತಿದ್ದೆವು. ಮನೆಯವರಲ್ಲದೆ ಪೇಟೆಯ ಪರಿಚಯದವರೂ ಹತ್ತಾರು ಜನ ಇದ್ದರು. ಅಣ್ಣ ಮಾತು ತೆಗೆದ.

"ನಿನ್ನ ಗಾಡಿ ಬುಧವಾರದಿಂದ ಶುಕ್ರವಾರದ ತನಕಾ ಗೋದಾಮಿನಾಗ ನಿಂತಿತ್ತಂತ. ಹಮಾಲರು ನೂಕಿದ್ರಂತ. ಖರೇ ಏನವಾ?"

"ಖರೇ" ಎಂದಳು ಅಕ್ಕ.

"ಕೊಟ್ಟ ಮಾತು ನೆನಪೈತಿ?"

"ಐತಿ."

ಅವಳು ಇನ್ನೇನಾದರೂ ಹೇಳುತ್ತಾಳೆಂದು ನಾನು ಕಾದೆ. ಅವಳು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಪರ್ಸಿನ ಬಾಯಿ ತೆಗೆದು ಕಾರಿನ ಕೀಲಿ ಹುಡುಕತೊಡಗಿದಳು. ಕೈಗೆ ಸಿಕ್ಕ ಮೇಲೂ ಒಂದು ಕ್ಷಣ ಅದನ್ನು ಪರ್ಸಿನೊಳಗೇ ಹಿಡಿದುಕೊಂಡಿದ್ದಳು, ಆಮೇಲೆ ಹೊರಗೆ ತೆಗೆದಳು. ಗೋದಾಮಿನಲ್ಲಿ ನನಗೆ "ಹೇಳೂದಿಲ್ಲ" ಎಂದದ್ದೂ ಒಂದು ಮಾತೇ, ಅಣ್ಣನಿಗೆ ಕೊಟ್ಟದ್ದೂ ಒಂದು ಮಾತೇ. ಎರಡನ್ನೂ ಉಳಿಸಿಕೊಂಡು ಅವಳು ಕಾರನ್ನು ಕಳೆದುಕೊಳ್ಳಲು ಹೊರಟಿದ್ದಳು.

"ಅಣ್ಣಾ, ಗಾಡಿ ಕೆಟ್ಟಿರಲಿಲ್ಲ, ನಾ ಕೆಡಸಾಕ ಹೋಗಿದ್ದೆ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಪೇಟೆಯವರೆಲ್ಲ ತಿರುಗಿ ನೋಡಿದರು. ತಿರುಗಿದ ಮೇಲೆ ಅರ್ಧಕ್ಕೆ ಬಿಡುವುದೇನು ಎಂದು ಎಲ್ಲವನ್ನೂ ಹೇಳಿದೆ. ಚೀಟಿ ಕಿಸೆಯಲ್ಲಿಟ್ಟುಕೊಂಡು ಮುಚ್ಚಳ ಸಾಲಾಗಿ ಇಡಿಸಿದ್ದು, ಮೂಸಿದ್ದು, ಗೇರ್ ಬಾಕ್ಸಿನ ಎಣ್ಣೆಯನ್ನು ಇಂಜಿನ್ನಿಗೆ ಸುರಿದದ್ದು, ಹೇಳಬೇಡ ಎಂದು ಅಕ್ಕನ ಬಾಯಿ ಕಟ್ಟಿದ್ದು.

ಅಣ್ಣ ಗಂಭೀರವಾಗಿ ಕೇಳಿಸಿಕೊಂಡ. "ಬಣ್ಣ ನೋಡಿ ತಂದಿ?"

"ಹೂಂ."

"ಅಂಗೈಗೆ ತಿಕ್ಕಿದಿ?"

"ಬೆರಳಿಗೆ."

ಅವನು ಗುಡಿಯ ಮೆಟ್ಟಿಲ ಮೇಲೆ ಕೂತು ನಗತೊಡಗಿದ. ತಲೆಗೆ ಸುತ್ತಿದ್ದ ಪಟಗದ ತುದಿಯಿಂದ ಕಣ್ಣು ಒರೆಸಿಕೊಂಡು, ನನ್ನ ಮುಖ ನೋಡಿ, ಮತ್ತೆ ನಕ್ಕ. ಪೇಟೆಯವರೂ ನಕ್ಕರು. ಕೊನೆಗೆ ಅಕ್ಕನೂ ನಕ್ಕಳು. ನಗು ಒಂದು ಹದಕ್ಕೆ ಬಂದ ಮೇಲೆ ಅಣ್ಣ ಎದ್ದು, "ಕೀಲಿ ಒಳಗಿಡವಾ. ಗಾಡಿ ನಿಂತಿಲ್ಲ, ಇವನ ನಿಂದರಸ್ಯಾನ. ನಡಿ, ನನ್ನೂ ಒಂದ ಸುತ್ತ ಕರಕೊಂಡ ಹೋಗ" ಎಂದ.

ಧೋತರ ಎತ್ತಿ ಹಿಡಿದು ಆ ತಗ್ಗಿನ ಸೀಟಿಗೆ ಅವನು ಇಳಿದದ್ದೇನೋ ಸಲೀಸಾಗಿಯೇ ಆಯಿತು. ಹೈವೇ ತನಕ ಹೋಗಿ ಬಂದ ಮೇಲೆ ಅವನನ್ನು ಮೇಲೆತ್ತುವುದಕ್ಕೆ ಮಾತ್ರ ನಾವಿಬ್ಬರೂ ಬೇಕಾಯಿತು. "ಎಣ್ಣಿ ಛಲೋ ಐತಿ" ಎಂದ, ತನಗೆಲ್ಲ ಗೊತ್ತು ಎನ್ನುವವನ ಹಾಗೆ.

ಪೇಟೆಯಲ್ಲಿ ನನ್ನ ವ್ಯಾಪಾರಕ್ಕೇನೂ ಧಕ್ಕೆಯಾಗಲಿಲ್ಲ. ಚೀಲದಿಂದ ಕಾಯಿ ತೆಗೆದಾಗ ಮಾತ್ರ ಯಾರಾದರೂ "ಸಾವಕಾರ್ರ, ಇದು ಇಂಜಿನ್ನಿಗೆ ನಡೀತೈತೇನ್ರಿ?" ಎಂದು ಕೇಳುತ್ತಾರೆ. ಒಳ್ಳೆಯ ಮಾಲಾದರೆ "ಗೇರ್ ಬಾಕ್ಸಿಗೆ" ಎಂದು ನಾನೇ ಹೇಳುತ್ತೇನೆ.

ಮೊನ್ನೆ ಮತ್ತೆ ಎಣ್ಣೆ ಬದಲಿಸುವ ಹೊತ್ತು ಬಂತು. ಅಕ್ಕ ಹುಬ್ಬಳ್ಳಿಗೆ ತಾನೇ ಹೋಗಬಹುದಿತ್ತು, ಮೇಸ್ತ್ರಿಗೂ ಹೇಳಬಹುದಿತ್ತು. ನನಗೇ ಚೀಟಿ ಕಳಿಸಿದಳು. ಅದೇ ಸೊನ್ನೆ, ಅದೇ ನಲವತ್ತು, ಅದೇ ಗುರುತಿನ ನಂಬರು, ಎಲ್ಲವೂ ನೀಲಿ ಶಾಯಿಯಲ್ಲಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ "ಬಣ್ಣ ನೋಡಬ್ಯಾಡ, ಓದು" ಎಂದು ಬರೆದಿದ್ದಳು. ಆ ಒಂದು ಸಾಲು ಮಾತ್ರ ಕೆಂಪು ಶಾಯಿಯಲ್ಲಿತ್ತು. ನನ್ನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.